ಉಪ್ಪುಗಾಳಿ ಮತ್ತು ಅಂಬಾಸಡರ್‌ನ ಮ್ಯಾನಿಫೋಲ್ಡ್

ಕಾರವಾರ, ಅಂಕೋಲಾದಲ್ಲಿ ಹಳೆ ಅಂಬಾಸಡರ್ ಸಾಕಿಕೊಂಡವರು ಬಾಡಿಗೆ ಬಣ್ಣ ಹೊಡೆಸುತ್ತಾರೆ, ಸೀಟಿಗೆ ಹೊಸ ರೆಕ್ಸಿನ್ ಹಾಕಿಸುತ್ತಾರೆ, ಬಂಪರನ್ನು ಉಜ್ಜಿ ಹೊಳೆಯಿಸುತ್ತಾರೆ. ಬಾನೆಟ್ ಎತ್ತಿದರೆ ಮಾತ್ರ ಎಂಜಿನ್ನಿನ ಪಕ್ಕೆಯಲ್ಲಿ ಕೆಂಪು ಹುಡಿ ಉದುರಿಸುತ್ತ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೂತಿರುತ್ತದೆ. ಸಿಲಿಂಡರುಗಳ ಸುಟ್ಟ ಗಾಳಿಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ದಾಟಿಸುವ ಎರಕದ ಕಬ್ಬಿಣದ ತುಂಡು ಅದು. ಅಂಬಾಸಡರ್‌ನ 1489 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರ್ ನಾಲ್ಕಾದರೂ ಹೊಗೆಬಾಯಿ ಮೂರೇ. ನಡುವಿನ ಎರಡಕ್ಕೆ ಒಂದೇ ದಾರಿ.

ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತುವಾಗ ಈ ತುಂಡು ನೂರಾರು ಡಿಗ್ರಿ ಕಾಯುತ್ತದೆ. ಆ ಕಾವಿಗೆ ಎಣ್ಣೆ, ಗ್ರೀಸು, ಮಾಮೂಲಿ ಪೇಂಟು ಯಾವುದೂ ನಿಲ್ಲುವುದಿಲ್ಲ. ಹಾಗೆಂದು ಅದನ್ನು ತಿನ್ನುವುದು ಬೆಂಕಿಯಲ್ಲ, ಬಿಡುವು. ದಿನಾ ಓಡುವ ಗಾಡಿಯ ಮ್ಯಾನಿಫೋಲ್ಡ್ ಒಣಗಿಯೇ ಇರುತ್ತದೆ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತದ್ದರ ಮೇಲೆ ಕಡಲಗಾಳಿ ಉಪ್ಪು ಕೂರಿಸುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಮಳೆಯಿಲ್ಲದ ದಿನವೂ ಅದು ಗಾಳಿಯ ತೇವ ಹೀರುತ್ತದೆ. ಸಾಣಿಕಟ್ಟೆಯ ಹರಳುಪ್ಪು ಅಡುಗೆಮನೆಯ ಭರಣಿಯಲ್ಲಿ ನೀರೊಡೆಯುವ ಹಾಗೆ.

ಬಿಚ್ಚುವುದೇ ಅರ್ಧ ಕೆಲಸ. ತುಕ್ಕು ಹಿಡಿದ ನಟ್ಟಿಗೆ ಸ್ಪ್ಯಾನರ್ ಹಾಕಿ ಜಗ್ಗಿದರೆ ಸ್ಟಡ್ಡು ಮುರಿದು ಸಿಲಿಂಡರ್ ಹೆಡ್ಡಿನೊಳಗೇ ಉಳಿಯುತ್ತದೆ, ಆಮೇಲೆ ಲೇತ್ ಅಂಗಡಿಯೇ ಗತಿ. ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟು, ಬೇಕಾದರೆ ನಟ್ಟಿಗಷ್ಟೇ ಗ್ಯಾಸಿನ ಜ್ವಾಲೆ ತೋರಿಸಿ, ಒಮ್ಮೆ ಬಿಗಿ ಒಮ್ಮೆ ಸಡಿಲ ಮಾಡುತ್ತ ಹೊರತೆಗೆಯಬೇಕು. ಕಾಯಿಸುವ ಮುನ್ನ ಎಣ್ಣೆ ಒರೆಸಿ, ಕಾರ್ಬ್ಯುರೇಟರ್ ಕಳಚಿಟ್ಟು, ಪೆಟ್ರೋಲ್ ಪೈಪಿನ ಬಾಯಿ ಮುಚ್ಚಿರಬೇಕು.

ಕಳಚಿದ ಮೇಲೆ ಬಿರುಕಿನ ಪರೀಕ್ಷೆ. ಇದು ನೋಡುವಂಥದ್ದು. ತುಂಡಿಗೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೊಕ್ಕವಾಗಿ ಒರೆಸಿ ಸೀಮೆಸುಣ್ಣದ ಪುಡಿ ಉಜ್ಜುತ್ತಾರೆ. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ನಿಧಾನವಾಗಿ ಮೇಲೆದ್ದು ಬಿಳಿ ಪುಡಿಯಲ್ಲಿ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಎರಕಕ್ಕೆ ಮಾಮೂಲಿ ವೆಲ್ಡಿಂಗ್ ನಡೆಯದು. ಇಡೀ ತುಂಡನ್ನು ಕಾಯಿಸಿ, ನಿಕಲ್ ರಾಡಿನಲ್ಲಿ ಬೆಸೆದು, ನಿಧಾನವಾಗಿ ಆರಲು ಬಿಡಬೇಕು.

ಕರಾವಳಿಯಲ್ಲಿ ಹೆಚ್ಚಿನವರು ಎಡವುವುದು ಇದರ ಮುಂದಿನ ಹಂತದಲ್ಲಿ. ವೈರ್ ಬ್ರಶ್ಶಿನಲ್ಲಿ ತಿಕ್ಕಿ ಲೋಹ ಬೆಳ್ಳಗಾಯಿತೆಂದು ಬಣ್ಣ ಹೊಡೆದುಬಿಡುತ್ತಾರೆ. ತುಕ್ಕಿನ ಕುಳಿಗಳೊಳಗೆ ಉಪ್ಪು ಉಳಿದೇ ಇರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೇಳುತ್ತದೆ. ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಆಮೇಲೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸುವುದು ಸರಿ. ಹೆಸರಿನಲ್ಲಿ ಸ್ಯಾಂಡ್ ಇದೆಯೆಂದು ಕಡಲತೀರದ ಮರಳು ತರಬಾರದು. ಅದರ ಉಪ್ಪು ಕಬ್ಬಿಣಕ್ಕೆ ಕೇಡು, ಮರಳಿನ ಹುಡಿ ಕೆಲಸಗಾರನ ಶ್ವಾಸಕೋಶಕ್ಕೆ ಇನ್ನೂ ಕೇಡು. ಗಾರ್ನೆಟ್ ಅಥವಾ ಉಕ್ಕಿನ ಹರಳು ಬಳಸಬೇಕು. ಬೆತ್ತಲಾದ ಎರಕ ಇಲ್ಲಿಯ ಗಾಳಿಗೆ ಗಂಟೆಗಳಲ್ಲೇ ಕಂದುತ್ತದೆ, ಆದ್ದರಿಂದ ಅದೇ ದಿನ ಬಣ್ಣ ಬೀಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು.

ಗೇಟಿಗೆ ಹೊಡೆಯುವ ಸಿಲ್ವರ್ ಪೇಂಟ್ ಇಲ್ಲಿ ಸುಟ್ಟುಹೋಗುತ್ತದೆ. ಡಬ್ಬಿಯ ಮೇಲೆ 600 ಡಿಗ್ರಿ ಎಂದು ಬರೆದಿರುವ, ಸಿಲಿಕೋನ್ ಅಂಟಿನಲ್ಲಿ ಅಲ್ಯೂಮಿನಿಯಂ ಪುಡಿ ಬೆರೆಸಿದ ಬಣ್ಣ ಬೇಕು. ಜಾಗ್ವಾರ್‌ನವರು ತಮ್ಮ ಎಕ್ಸ್‌ಕೆ ಎಂಜಿನ್ನಿನ ಮ್ಯಾನಿಫೋಲ್ಡಿಗೆ ಕಪ್ಪು ಎನಾಮೆಲ್ ಹಾಕುತ್ತಿದ್ದರು, ಅಂದರೆ ಕಬ್ಬಿಣದ ಮೇಲೆ ಕರಗಿಸಿ ಕೂರಿಸಿದ ಗಾಜು. ಅಂಬಾಸಡರ್‌ಗೆ ಆ ಶೋಕಿ ಬೇಡ. ಮಸುಕು ಬೂದು ಬಣ್ಣವೇ ಎರಕಕ್ಕೆ ಒಪ್ಪುತ್ತದೆ, ಕನ್ನಡಿಯಂತೆ ಮಿಂಚುವ ಮ್ಯಾನಿಫೋಲ್ಡ್ ನನಗಂತೂ ಸುಳ್ಳೆನಿಸುತ್ತದೆ. ಎರಡು ತೆಳು ಕೋಟು ಸಾಕು, ಗ್ಯಾಸ್ಕೆಟ್ ಕೂರುವ ಮುಖಕ್ಕೆ ಮಾತ್ರ ಹನಿಯೂ ಬೀಳಬಾರದು.

ಬಣ್ಣ ಒಣಗಿದ ಮಾತ್ರಕ್ಕೆ ಗಟ್ಟಿಯಾಗುವುದಿಲ್ಲ, ಬೇಯಬೇಕು. ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ಪೂರ್ತಿ ಆರಲು ಬಿಟ್ಟು, ಮತ್ತೆ ಇನ್ನಷ್ಟು ಹೊತ್ತು ಓಡಿಸಿ ಆರಿಸುತ್ತ ಕಾವು ಏರಿಸಬೇಕು. ಮೊದಲ ಸಲ ಬರುವ ಹೊಗೆ, ಘಾಟು ಸಹಜ. ಶೆಡ್ಡಿನ ಬಾಗಿಲು ತೆರೆದಿಡಿ. ಆರಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಹಿತ್ತಾಳೆಯ ನಟ್ಟು ಹಾಕಿಸಿದ್ದರೆ ಮುಂದಿನ ಸಲ ಬಿಚ್ಚುವ ಮೆಕ್ಯಾನಿಕ್ ನಿಮ್ಮನ್ನು ಬಯ್ಯುವುದಿಲ್ಲ.