ಗಂಡು ಪತಂಗದ ಮೂಗು ಎಲ್ಲಿದೆ?



ರಾತ್ರಿ ದೀಪ ಹಚ್ಚಿದರೆ ಪತಂಗಗಳು ಬರುತ್ತವೆ. ದೀಪದ ಸುತ್ತ ಸುತ್ತುತ್ತವೆ. ಇದನ್ನು ನಾವೆಲ್ಲ ನೋಡಿದ್ದೇವೆ. ಆದರೆ ದೀಪವೇ ಇಲ್ಲದ ಹೊಲದಲ್ಲಿ ಗಂಡು ಪತಂಗ ತನ್ನ ಹೆಣ್ಣನ್ನು ಹೇಗೆ ಹುಡುಕುತ್ತದೆ? ನೋಡೋಣ ಅಂದರೆ ಸುತ್ತ ಕತ್ತಲು. ಹೆಣ್ಣು ಕೂಗಿ ಕರೆಯುವುದೂ ಇಲ್ಲ.

ಅದು ವಾಸನೆ ಹಿಡಿದು ಬರುತ್ತದೆ. ಈ ಸಂಗತಿ ತಿಳಿದರೆ ನಮ್ಮ ಬದನೆ, ತೊಗರಿ ಉಳಿಸಿಕೊಳ್ಳಲು ಅನುಕೂಲ. ಔಷಧಿಯ ಖರ್ಚನ್ನೂ ತಗ್ಗಿಸಬಹುದು. ಹೇಗೆ ಅಂತ ಒಂದೊಂದಾಗಿ ತಿಳಿಯೋಣ.

ಹೆಣ್ಣು ಕರೆಯುವ ಬಗೆ

ಮೊದಲು ರೇಷ್ಮೆ ಹುಳುವಿನ ವಿಷಯ ನೋಡೋಣ. ರಾಮನಗರ, ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಹೊಸದಲ್ಲ. ಹುಳು ಹಿಪ್ಪುನೇರಳೆ ಸೊಪ್ಪು ತಿಂದು ಗೂಡು ಕಟ್ಟುತ್ತದೆ. ಬಿತ್ತನೆಗೆ ಇಟ್ಟ ಗೂಡಿನಿಂದ ಬಿಳಿಯ ಪತಂಗ ಹೊರಗೆ ಬರುತ್ತದೆ. ರೇಷ್ಮೆ ಬೆಳೆಯುವವರು ಇದನ್ನು ಚಿಟ್ಟೆ ಅಂತಾರೆ.

ಈ ಪತಂಗ ಏನನ್ನೂ ತಿನ್ನುವುದಿಲ್ಲ. ಹಾರುವುದೂ ಇಲ್ಲ. ಬದುಕುವುದು ಕೆಲವೇ ದಿನ. ಅಷ್ಟರಲ್ಲಿ ಗಂಡು ಹೆಣ್ಣು ಸೇರಬೇಕು. ಹೆಣ್ಣು ಮೊಟ್ಟೆ ಇಡಬೇಕು.

ಹೆಣ್ಣು ಪತಂಗ ಕೂತಲ್ಲೇ ಕೂರುತ್ತದೆ. ಅದರ ಹೊಟ್ಟೆಯ ತುದಿಯಲ್ಲಿ ಎರಡು ಪುಟ್ಟ ಚೀಲಗಳಿವೆ. ಅವನ್ನು ಹೊರಗೆ ಚಾಚುತ್ತದೆ. ಅವುಗಳಿಂದ ಒಂದು ವಾಸನೆ ಗಾಳಿಗೆ ಹರಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು. ಗಂಡಿಗೆ ಮಾತ್ರ ಕೂಡಲೇ ತಿಳಿಯುತ್ತದೆ. ಅದು ಪಟಪಟ ರೆಕ್ಕೆ ಬಡಿಯುತ್ತದೆ. ಬಡಿಯುತ್ತಲೇ ಹೆಣ್ಣಿನ ಕಡೆಗೆ ನಡೆಯುತ್ತದೆ. ಬಿತ್ತನೆ ಕೋಠಿಯಲ್ಲಿ ಕೆಲಸ ಮಾಡುವ ಹೆಂಗಸರಿಗೆ ಇದು ಕಣ್ಣೆದುರಿನ ಸಂಗತಿ.

ಹೀಗೆ ಗಂಡನ್ನು ಕರೆಯುವ ವಾಸನೆಗೆ ಫೆರೊಮೋನ್ ಎಂದು ಹೆಸರು. ಇಂಥ ವಾಸನೆಯಲ್ಲಿ ಇರುವುದೇನು ಅಂತ ಮೊದಲು ಕಂಡುಹಿಡಿದದ್ದು ರೇಷ್ಮೆ ಪತಂಗದಲ್ಲೇ. ಜರ್ಮನಿಯ ವಿಜ್ಞಾನಿ ಬುಟೆನಾಂಟ್ ಮತ್ತು ಅವರ ಜೊತೆಗಾರರು ಇದಕ್ಕಾಗಿ ಸುಮಾರು 20 ವರ್ಷ ದುಡಿದರು. ಸುಮಾರು 5 ಲಕ್ಷ ಹೆಣ್ಣು ಪತಂಗಗಳನ್ನು ಬಳಸಿದರು. ಕೊನೆಗೆ ಸಿಕ್ಕಿದ್ದು ಕೆಲವೇ ಸಾಸಿವೆ ಕಾಳಿನ ತೂಕದಷ್ಟು ವಸ್ತು! 1959ರಲ್ಲಿ ಈ ಸುದ್ದಿ ಪ್ರಕಟವಾಯಿತು. ಆ ವಸ್ತುವಿಗೆ ಬಾಂಬಿಕಾಲ್ ಎಂದು ಹೆಸರಿಟ್ಟರು.

ಮೂಗು ಎಲ್ಲಿದೆ?

ಪತಂಗಕ್ಕೆ ನಮ್ಮ ಹಾಗೆ ಮೂಗಿಲ್ಲ. ತಲೆಯ ಮೇಲೆ ಎರಡು ಕುಡಿಮೀಸೆ ಇವೆ. ಅವೇ ಅದರ ಮೂಗು. ರೇಷ್ಮೆ ಪತಂಗದ ಕುಡಿಮೀಸೆ ಬಾಚಣಿಗೆ ಥರ ಇದೆ. ಅದರ ತುಂಬ ಸಣ್ಣ ಸಣ್ಣ ಕೂದಲು. ಗಂಡಿನ ಒಂದೊಂದು ಕುಡಿಮೀಸೆಯಲ್ಲೂ ಹೆಣ್ಣಿನ ವಾಸನೆ ಹಿಡಿಯಲೆಂದೇ ಸುಮಾರು 17,000 ಕೂದಲುಗಳಿವೆ.

ಈ ಕೂದಲಿನ ಮೈಯಲ್ಲಿ ಕಣ್ಣಿಗೆ ಕಾಣದ ತೂತುಗಳಿವೆ. ವಾಸನೆಯ ಕಣ ಆ ತೂತಿನಿಂದ ಒಳಗೆ ಹೋಗುತ್ತದೆ. ಒಳಗೆ ತೆಳ್ಳನೆಯ ರಸ ಇದೆ. ರಸದ ಆಚೆ ನರದ ತುದಿ ಇದೆ. ಅದು ಬೀಗ ಇದ್ದ ಹಾಗೆ. ಕಣ ಕೀಲಿಕೈ ಇದ್ದ ಹಾಗೆ. ಸರಿಯಾದ ಕೀಲಿಕೈ ಬಿದ್ದರೆ ಬೀಗ ತೆರೆಯುತ್ತದೆ. ಮಿದುಳಿಗೆ ಸುದ್ದಿ ಹೋಗುತ್ತದೆ.

ಒಂದು ನರವನ್ನು ಎಬ್ಬಿಸಲು ಒಂದೇ ಒಂದು ಕಣ ಸಾಕು. ಆದರೆ ಒಂದು ಕಣಕ್ಕೇ ಗಂಡು ಹೊರಡುವುದಿಲ್ಲ. ಒಂದು ಸೆಕೆಂಡಿನಲ್ಲಿ ಸುಮಾರು 200 ಕಡೆಯಿಂದ ಸುದ್ದಿ ಬಂದರೆ ಮಾತ್ರ ರೆಕ್ಕೆ ಬಡಿಯುತ್ತದೆ. ಒಬ್ಬರ ಮಾತು ನಂಬದೆ ನಾಲ್ಕು ಜನರನ್ನು ಕೇಳ್ತೀವಲ್ಲ, ಹಾಗೆ.

ತನ್ನ ಹೆಣ್ಣು ಯಾವುದು?

ಹೊಲದಲ್ಲಿ ಹತ್ತಾರು ಜಾತಿಯ ಪತಂಗಗಳಿವೆ. ಎಲ್ಲ ಹೆಣ್ಣುಗಳೂ ವಾಸನೆ ಬಿಡುತ್ತವೆ. ಆದರೂ ಗಂಡು ತನ್ನ ಜಾತಿಯ ಹೆಣ್ಣನ್ನೇ ಸೇರುತ್ತದೆ. ಗುಟ್ಟು ಇರುವುದು ಅಳತೆಯಲ್ಲಿ.

ಅಡುಗೆಮನೆಯನ್ನೇ ತಗೊಳ್ಳಿ. ಸಾರಿಗೂ ಬೇಳೆ, ಹುಣಸೆ, ಖಾರ. ಹುಳಿಗೂ ಬೇಳೆ, ಹುಣಸೆ, ಖಾರ. ಅಳತೆ ಬೇರೆ, ಹದ ಬೇರೆ. ಪಕ್ಕದ ಮನೆಯಲ್ಲಿ ಸಾರು ಕುದಿಯುತ್ತಿದೆಯೋ ಹುಳಿ ಕುದಿಯುತ್ತಿದೆಯೋ ಅಂತ ನಾವು ಇಲ್ಲಿಂದಲೇ ಹೇಳ್ತೀವಿ. ಪತಂಗವೂ ಹಾಗೇ.

ತೊಗರಿ, ಕಡಲೆಯ ಕಾಯಿ ಕೊರೆಯುವ ಹಸಿರು ಹುಳು ನಮಗೆ ಗೊತ್ತು. ಅದರ ಹೆಣ್ಣು ಪತಂಗದ ವಾಸನೆಯಲ್ಲಿ ಮುಖ್ಯವಾದ ವಸ್ತುಗಳು ಎರಡು. 100 ಪಾಲಿನಲ್ಲಿ ಮೊದಲನೆಯದು ಸುಮಾರು 97 ಪಾಲು. ಎರಡನೆಯದು ಬರೀ 3 ಪಾಲು. ಇದಕ್ಕೊಂದು ದಾಯಾದಿ ಇದೆ. ಅದು ತಂಬಾಕು, ಮೆಣಸಿನಗಿಡಕ್ಕೆ ಬೀಳುವ ಹುಳು. ಅದರ ವಾಸನೆಯಲ್ಲೂ ಇವೇ ಎರಡು ವಸ್ತು. ಆದರೆ ಅಳತೆ ತಿರುಗುಮುರುಗು. ಮೊದಲನೆಯದು ಚೂರೇ ಚೂರು, ಎರಡನೆಯದೇ ಹೆಚ್ಚು.

ಗಂಡಿನ ಕುಡಿಮೀಸೆಯಲ್ಲಿ ಒಂದೊಂದು ವಸ್ತುವಿಗೆ ಒಂದೊಂದು ಬಗೆಯ ನರ ಇದೆ. ಯಾವುದು ಎಷ್ಟು ಅಂತ ಮಿದುಳು ಲೆಕ್ಕ ಹಾಕುತ್ತದೆ. ಲೆಕ್ಕ ಸರಿಹೋದರೆ ಗಾಳಿಗೆ ಎದುರಾಗಿ ಹಾರುತ್ತದೆ. ನಡುವೆ ವಾಸನೆ ತಪ್ಪಿದರೆ ಎಡಕ್ಕೂ ಬಲಕ್ಕೂ ಹಾರಿ ಮತ್ತೆ ಹುಡುಕುತ್ತದೆ.

ಇದರಿಂದ ನಮಗೇನು ಲಾಭ?

ಬದನೆ ಬೆಳೆದವರಿಗೆ ಕಾಯಿ ಕೊರಕದ ಕಷ್ಟ ಗೊತ್ತು. ಮೊದಲು ಕುಡಿ ಬಾಡುತ್ತದೆ. ಆಮೇಲೆ ಕಾಯಿ ತೂತಾಗುತ್ತದೆ. ಹುಳು ಕಾಯಿಯ ಒಳಗೆ ಸೇರಿತು ಅಂದರೆ ಮೇಲೆ ಹೊಡೆದ ಔಷಧಿ ಅದಕ್ಕೆ ತಾಗದು. ಆದರೂ ಮತ್ತೆ ಮತ್ತೆ ಹೊಡೆಯುತ್ತೇವೆ. ಸಾಲ ಮಾಡಿ ಹೊಡೆಯುತ್ತೇವೆ. ಆ ಕಾಯಿ ಬಿಡಿಸುವವರು ಹೆಚ್ಚಾಗಿ ನಾವು ಹೆಂಗಸರೇ. ಆ ವಿಷ ನಮ್ಮ ಕೈಗೂ ತಾಗುತ್ತದೆ, ಮಕ್ಕಳ ತಟ್ಟೆಗೂ ಬರುತ್ತದೆ.

ಇಲ್ಲಿ ಮೋಹಕ ಬಲೆ ನೆರವಿಗೆ ಬರುತ್ತದೆ. ಹೆಣ್ಣಿನ ವಾಸನೆಯನ್ನು ಕಾರ್ಖಾನೆಯಲ್ಲಿ ತಯಾರು ಮಾಡಿ ಚಿಕ್ಕ ರಬ್ಬರ್ ತುಂಡಿಗೆ ಸೇರಿಸುತ್ತಾರೆ. ಇದಕ್ಕೆ ಲ್ಯೂರ್ ಅಂತಾರೆ. ಅದನ್ನು ಬಲೆಯಲ್ಲಿ ತೂಗುಹಾಕಬೇಕು. ಹೆಣ್ಣು ಇದೆ ಅಂತ ಗಂಡು ಬರುತ್ತದೆ, ಸಿಕ್ಕಿಬೀಳುತ್ತದೆ. ಗಂಡು ಸಿಗದ ಹೆಣ್ಣು ಇಟ್ಟ ಮೊಟ್ಟೆಯಿಂದ ಮರಿ ಬರುವುದಿಲ್ಲ.

ಆದರೆ ಇವಿಷ್ಟು ನೆನಪಿಡಿ:

• ಬದನೆ ಹುಳುವಿನ ಲ್ಯೂರ್ ತೊಗರಿ ಹುಳುವಿಗೆ ಆಗದು. ಪೊಟ್ಟಣದ ಮೇಲೆ ಹುಳುವಿನ ಹೆಸರು ಇರುತ್ತದೆ. ಓದಿಯೇ ಕೊಳ್ಳಿ.

• ವಾಸನೆ ಕೆಲವು ವಾರಗಳಲ್ಲಿ ತೀರುತ್ತದೆ. ಯಾವಾಗ ಬದಲಿಸಬೇಕು ಅಂತಲೂ ಪೊಟ್ಟಣದಲ್ಲಿ ನೋಡಿ.

• ಒಂದು ಲ್ಯೂರ್ ಮುಟ್ಟಿದ ಕೈಯಲ್ಲಿ ಇನ್ನೊಂದನ್ನು ಮುಟ್ಟಬೇಡಿ. ವಾಸನೆ ಬೆರೆತರೆ ಅಳತೆ ಕೆಡುತ್ತದೆ.

• ಬಲೆಯನ್ನು ಮೊದಲೇ ಕಟ್ಟಿ. ಆಗಲೇ ಕಾಯಿಯೊಳಗೆ ಇರುವ ಹುಳುವನ್ನು ಬಲೆ ಕೊಲ್ಲುವುದಿಲ್ಲ. ಬಾಡಿದ ಕುಡಿ, ತೂತು ಬಿದ್ದ ಕಾಯಿ ಕಿತ್ತು ನಾಶ ಮಾಡಬೇಕು.

• ಒಬ್ಬರೇ ಕಟ್ಟಿದರೆ ಸಾಲದು. ಪಕ್ಕದ ಹೊಲದಿಂದ ಗಂಡು ಕಂಡ ಹೆಣ್ಣು ಹಾರಿ ಬರುತ್ತದೆ. ಅಕ್ಕಪಕ್ಕದವರೆಲ್ಲ ಸೇರಿ ಕಟ್ಟಿ.

ಎಕರೆಗೆ ಎಷ್ಟು ಬಲೆ ಬೇಕು? ಇದು ಬೆಳೆಯಿಂದ ಬೆಳೆಗೆ ಬೇರೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ತರಕಾರಿಯಾದರೆ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಬಲೆ ಕಟ್ಟಿದ ಮೇಲೆ ದಿನಾ ಬೆಳಿಗ್ಗೆ ಎಷ್ಟು ಪತಂಗ ಬಿದ್ದಿವೆ ಅಂತ ಎಣಿಸಿ. ತಾರೀಕು ಹಾಕಿ ಪುಸ್ತಕದಲ್ಲಿ ಬರೆಯಿರಿ. ಲೆಕ್ಕ ಏರುತ್ತಿದ್ದರೆ ಹುಳು ಬರುತ್ತಿದೆ ಎಂದು ತಿಳಿಯಿರಿ. ಏರದಿದ್ದರೆ ಸುಮ್ಮನೆ ಔಷಧಿ ಹೊಡೆಯುವುದು ಬೇಡ. ಔಷಧಿ ಅಂಗಡಿಯವರು ಹೊಡೀರಿ ಅಂದರೆ ನಿಮ್ಮ ಪುಸ್ತಕ ತೆಗೆದು ತೋರಿಸಿ.

ಗುಂಪಿನಲ್ಲಿ ಮಾತಾಡಿ

1. ಪತಂಗ ಯಾವುದರಿಂದ ವಾಸನೆ ಹಿಡಿಯುತ್ತದೆ?
2. ತೊಗರಿ ಹುಳುವಿನ ಲ್ಯೂರ್ ಬದನೆ ತೋಟದಲ್ಲಿ ಕಟ್ಟಿದರೆ ಏನಾಗುತ್ತದೆ?
3. ನಿಮ್ಮ ಊರಿನಲ್ಲಿ ಯಾವ ಬೆಳೆಗೆ ಹುಳುವಿನ ಕಾಟ ಹೆಚ್ಚು? ಅದಕ್ಕೆ ಲ್ಯೂರ್ ಸಿಗುತ್ತದೆಯೇ? ಕೇಳಿ ತಿಳಿದು ಬರೆಯಿರಿ.