ಮನೆಯಲ್ಲೇ ರಬ್ಬರ್ ಹುಳು ಮಾಡ್ತೀರಾ? ಮೊದಲು ಕಲಕೋ ಕೈ ಯಾವುದು ಅಂತ ನೋಡಿ

ಇವತ್ತಿನ ವಿಷಯ ಗಾಳ ಹಾಕುವವರಿಗೆ ಸಂಬಂಧಿಸಿದ್ದು. ಗಾಳ ಹಾಕದವರೂ ಕೇಳಿಸಿಕೊಳ್ಳಿ, ಯಾಕಂದ್ರೆ ಈ ಕೆಲಸಕ್ಕೆ ಕೈಗೆ ಮೊದಲು ಸಿಗೋದು ನಿಮ್ಮ ಅಡುಗೆಮನೆಯ ಸೌಟು.

ನಂಜನಗೂಡಿನಲ್ಲಿ ಹರಿಯುವ ಕಪಿಲೆ ಮುಂದೆ ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಈ ಎರಡು ಊರುಗಳ ನಡುವಿನ ಹೊಳೆ, ನಾಲೆ, ಕೆರೆಗಳಲ್ಲಿ ಗಾಳ ಹಾಕೋದು ಹೊಸದೇನಲ್ಲ. ರೋಹು, ಕಾಟ್ಲಾ ಮೀನಿಗೆ ಹಿಟ್ಟಿನ ಉಂಡೆ ಸಾಕು. ಆದರೆ ಕೊರವ, ಬಾಳೆ ಮೀನಿನಂಥ ಬೇಟೆಗಾರ ಮೀನುಗಳಿಗೆ ಓಡಾಡೋ ಎರೆ ಬೇಕು. ಅದಕ್ಕೇ ಸಾಫ್ಟ್ ಪ್ಲಾಸ್ಟಿಕ್ ಲೂರ್, ನಮ್ಮ ಮಾತಲ್ಲಿ ರಬ್ಬರ್ ಹುಳು, ರಬ್ಬರ್ ಮೀನು. ಕೊರವ ಮೀನು ಒಂದೇ ಕಚ್ಚಿಗೆ ಅದರ ಬಾಲ ಕಿತ್ತುಬಿಡುತ್ತೆ. ಪ್ರತಿಸಲ ಹೊಸದು ಕೊಳ್ಳೋದು ದುಬಾರಿ ಅಂತ ಅಚ್ಚು ತರಿಸಿ ಮನೆಯಲ್ಲೇ ಎರಕ ಹೊಯ್ಯೋಣ ಅನ್ನಿಸೋದು ಸಹಜ.

ಹಾಗೆ ಮಾಡುವವರು ಬಣ್ಣ, ಮಿನುಗುಪುಡಿ, ಅಚ್ಚಿನ ಬಗ್ಗೆ ಬಹಳ ಯೋಚಿಸ್ತಾರೆ. ಕಲಕೋದಕ್ಕೆ ಮಾತ್ರ ಕೈಗೆ ಸಿಕ್ಕಿದ್ದನ್ನು ತಗೊಳ್ತಾರೆ. ಕೈ ಸುಡೋದಕ್ಕೂ ಮಾಲು ಕೆಡೋದಕ್ಕೂ ದಾರಿಯಾಗೋದು ಅನೇಕ ಸಲ ಅಲ್ಲೇ.

ಪಾತ್ರೆಯೊಳಗೆ ಏನು ನಡೆಯುತ್ತೆ?

ರಬ್ಬರ್ ಹುಳು ಅಂದರೂ ಇದು ರಬ್ಬರ್ ಅಲ್ಲ. ಪಿವಿಸಿ ಪುಡಿಯನ್ನು ಎಣ್ಣೆಯಂಥ ಮೆದುಕಾರಕ ದ್ರವದಲ್ಲಿ ಬೆರೆಸಿದ ಪ್ಲಾಸ್ಟಿಸಾಲ್. ತಣ್ಣಗಿದ್ದಾಗ ಹಾಲಿನ ಹಾಗಿರುತ್ತೆ. ಬಿಸಿ ಏರುತ್ತಾ ಮೊದಲು ಗಂಟುಗಂಟಾಗಿ ಗಟ್ಟಿಯಾಗುತ್ತೆ, ಆಮೇಲೆ ಸುಮಾರು 160ರಿಂದ 175 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಳಿಯಾಗಿ ಪಾಕದಂತೆ ಹರಿಯುತ್ತೆ. ಅಚ್ಚಿಗೆ ಹೊಯ್ಯಬೇಕಾದ ಹದ ಅದು. 200 ಡಿಗ್ರಿಯತ್ತ ಹೋದರೆ ಹಳದಿಯಾಗಿ ಸೀಯುತ್ತೆ, ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತೆ. ಕಣ್ಣಿಗೂ ಗಂಟಲಿಗೂ ಅದು ಕೆಟ್ಟದ್ದು.

ಆಲೆಮನೆ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಬೆಲ್ಲದ ಪಾಕವನ್ನು ತಳ ಮುಟ್ಟಿ ಕಲಕದೇ ಬಿಟ್ಟರೆ ಅಡಿ ಹಿಡಿಯುತ್ತೆ. ಇಲ್ಲೂ ಅಷ್ಟೇ. ಮೇಲೆ ಇನ್ನೂ ಹಾಲಿನ ಬಣ್ಣ ಇರುವಾಗಲೇ ತಳ ಸೀದಿರಬಹುದು. ಹಾಗಾಗಿ ಕಲಕುವ ಸಾಧನಕ್ಕೆ ಮೂರು ಪರೀಕ್ಷೆ: ಅದು ನೀರು ತರಬಾರದು, ಗಾಳಿ ತುಂಬಬಾರದು, ತಳದಲ್ಲಿ ಏನನ್ನೂ ಬಿಡಬಾರದು.

ಹಿಟ್ಟಿನ ಕೋಲು ಯಾಕೆ ಬೇಡ?

ನಮ್ಮ ಕಡೆ ಕಲಕೋದು ಅಂದ ತಕ್ಷಣ ನೆನಪಾಗೋದು ರಾಗಿ ಹಿಟ್ಟು ತೊಳಸೋ ಕೋಲು. ಮುದ್ದೆಗೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಯಾಕಂದ್ರೆ ಮುದ್ದೆಯಲ್ಲಿರೋದೇ ನೀರು, ಬಿಸಿ 100 ಡಿಗ್ರಿ ದಾಟಲ್ಲ. ಪ್ಲಾಸ್ಟಿಸಾಲ್ ಅದಕ್ಕಿಂತ 60–70 ಡಿಗ್ರಿ ಜಾಸ್ತಿ ಬಿಸಿ. ಒಣಗಿದ ಹಾಗೆ ಕಾಣೋ ಮರದಲ್ಲೂ ಸ್ವಲ್ಪ ತೇವ ಇದ್ದೇ ಇರುತ್ತೆ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಆ ತೇವ ಆವಿಯಾಗಿ ಗುಳ್ಳೆ ಏಳುತ್ತೆ. ತೊಳೆದ ಕೋಲನ್ನು ಸರಿಯಾಗಿ ಒಣಗಿಸದೇ ಹಾಕಿದರೆ ಅಪಾಯವೇ ಬೇರೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತೆ. ಕಾದ ಎಣ್ಣೆಗೆ ನೀರು ಬಿದ್ದಂತೆ ಸಿಡಿಯುತ್ತೆ. ಎಣ್ಣೆ ಹರಿದು ಹೋಗುತ್ತೆ, ಇದು ಚರ್ಮಕ್ಕೆ ಅಂಟಿಕೊಂಡೇ ಸುಡುತ್ತೆ. ಬಿದಿರಿನ ಕಡ್ಡಿ, ಐಸ್‌ಕ್ರೀಂ ಕಡ್ಡಿಗೂ ಇದೇ ಮಾತು.

ಉಳಿದ ಸಾಮಾನು ಒಂದೊಂದಾಗಿ

ಪ್ಲಾಸ್ಟಿಕ್ ಚಮಚ: ಸಾಮಾನ್ಯವಾಗಿ ಸಿಗೋ ಪಾಲಿಪ್ರೊಪಿಲೀನ್ 160 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಅಂದರೆ ಎರಕದ ಹದಕ್ಕೆ ಬರೋ ಹೊತ್ತಿಗೆ ಚಮಚವೂ ಮೆತ್ತಗಾಗುತ್ತೆ. ಬೇಡ.

ಹಿತ್ತಾಳೆ ಸೌಟು, ಸತು ಲೇಪಿಸಿದ ತಂತಿ, ತುಕ್ಕು ಹಿಡಿದ ಕಬ್ಬಿಣ: ಇವೂ ಬೇಡ. ಬಿಸಿಯಾದ ಪಿವಿಸಿ ಒಡೆಯೋದನ್ನು ಸತು ಮತ್ತು ಕಬ್ಬಿಣ ಚುರುಕುಗೊಳಿಸಬಹುದು.

ಅಲ್ಯೂಮಿನಿಯಂ ಸೌಟು: ಮಾಲನ್ನು ಕೆಡಿಸಲ್ಲ, ಆದರೆ ಸ್ಟೇನ್‌ಲೆಸ್ ಸ್ಟೀಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಶಾಖ ಸಾಗಿಸುತ್ತೆ. ಹಿಡಿ ಬೇಗ ಬಿಸಿಯಾಗುತ್ತೆ. ಕೈ ತಟ್ಟನೆ ಹಿಂದಕ್ಕೆ ಹೋದರೆ ಪಾತ್ರೆಯೇ ಉರುಳಬಹುದು.

ಕಡೆಗೋಲು, ಮೊಟ್ಟೆ ಗೊಟಾಯಿಸೋ ತಂತಿ: ಇವು ಗಾಳಿ ಸೇರಿಸೋದಕ್ಕೇ ಇರೋದು. ಗಾಳಿ ಗುಳ್ಳೆ ಇರೋ ಹುಳು ಅದೇ ಜಾಗದಲ್ಲಿ ಹರಿಯುತ್ತೆ, ಮುಳುಗಬೇಕಾದ್ದು ಮುಳುಗಲ್ಲ. ಡ್ರಿಲ್‌ಗೆ ಸಿಕ್ಕಿಸೋ ಕಲಕಿಯನ್ನು ಬಿಸಿ ಪಾತ್ರೆಗೆ ಇಳಿಸಲೇಬೇಡಿ, ಎರಚುತ್ತೆ.

ಗುಂಡಿ ಚಮಚ: ಸ್ಟೀಲಿನದಾದರೂ ಅದರ ಕುಳಿಯಲ್ಲಿ ಅರ್ಧ ಬೆಂದ ಗಂಟು ಕೂತುಬಿಡುತ್ತೆ. ಕೊನೆಗೆ ಅದು ಜಾರಿ ಬಿದ್ದು ತಿಳಿ ಪಾಕದಲ್ಲಿ ಬಿಳಿ ಚುಕ್ಕೆಯಾಗಿ ಉಳಿಯುತ್ತೆ.

ಹಾಗಾದರೆ ಯಾವುದು? ಚಪ್ಪಟೆ ಅಂಚಿನ ಸ್ಟೇನ್‌ಲೆಸ್ ಸ್ಟೀಲ್ ಮೊಗಚೋ ಕೈ. ಎರಡು ಬೆರಳಗಲ, 25ರಿಂದ 30 ಸೆಂಟಿಮೀಟರ್ ಉದ್ದ, ತೂತಿಲ್ಲದ್ದು, ಮರದ ಹಿಡಿ ಇಲ್ಲದ್ದು. ಸಂತೆಯ ಸ್ಟೀಲ್ ಅಂಗಡಿಯಲ್ಲೇ ಸಿಗುತ್ತೆ. ಗಾಜಿನ ಅಳತೆ ಪಾತ್ರೆಯ ಗೋಡೆ ಒರೆಸೋದಕ್ಕೆ ಶಾಖ ತಡೆಯೋ ಸಿಲಿಕೋನ್ ಪಟ್ಟಿ ಜೊತೆಗಿದ್ದರೆ ಒಳ್ಳೆಯದು. ಅದರ ಮೇಲೆ 230 ಡಿಗ್ರಿ ಅಥವಾ ಹೆಚ್ಚು ಅಂತ ಬರೆದಿದೆಯಾ ನೋಡಿ. ಇನ್ನೊಂದು ಲಾಭ, ತಣ್ಣಗಾದ ಮೇಲೆ ಪ್ಲಾಸ್ಟಿಸಾಲ್ ಸ್ಟೀಲಿನಿಂದ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತೆ, ತೊಳೆಯೋ ಅಗತ್ಯವೇ ಇಲ್ಲ. ತೊಳೆಯದಿದ್ದರೆ ನೀರೂ ಇಲ್ಲ.

ಕಲಕೋದು ಹೇಗೆ?

ಡಬ್ಬಿಯಲ್ಲಿ ಪಿವಿಸಿ ಪುಡಿ ತಳಕ್ಕೆ ಕೂತಿರುತ್ತೆ. ಮೊದಲು ತಣ್ಣಗಿರುವಾಗಲೇ ತಳ ಕೆರೆದು ನಿಧಾನ ಕಲಕಿ, ಗುಳ್ಳೆ ಏರಿ ಹೋಗಲು ಸ್ವಲ್ಪ ಹೊತ್ತು ಬಿಡಿ. ಬಳಿಕ ಕಾಲು ಲೀಟರಿಗಿಂತ ಹೆಚ್ಚು ಒಮ್ಮೆಗೇ ಕಾಯಿಸಬೇಡಿ. ಮೈಕ್ರೋವೇವ್ ಆದರೆ ಒಂದು ನಿಮಿಷ, ಆಮೇಲೆ ಅರ್ಧರ್ಧ ನಿಮಿಷ, ಪ್ರತಿಸಲ ಹೊರಗೆ ತೆಗೆದು ಕಲಕೋದು. ಮೊಗಚೋ ಕೈಯನ್ನು ಒಳಗೆ ಬಿಡಬೇಡಿ. ಕೈ ಎತ್ತದೆ, ಬಡಿಯದೆ, ತಳಕ್ಕೆ ಒತ್ತಿ ಎಂಟರ ಆಕಾರದಲ್ಲಿ ತಿರುಗಿಸಿ. ಹುಳು ಭಾರವಾಗಲಿ ಅಂತ ಉಪ್ಪು ಹಾಕುವವರು ಪುಡಿ ಉಪ್ಪನ್ನು ಚೆನ್ನಾಗಿ ಒಣಗಿಸಿರಬೇಕು. ಉಪ್ಪು ಬೇಗ ತಳಕ್ಕಿಳಿಯುತ್ತೆ, ಹಾಗಾಗಿ ಹೊಯ್ಯೋ ಕ್ಷಣದವರೆಗೂ ಕಲಕ್ತಾ ಇರಬೇಕು.

ಇಷ್ಟೆಲ್ಲ ಜಗಲಿಯಲ್ಲೋ ಹಿತ್ತಲಲ್ಲೋ ನಡೆಯಲಿ, ಗಾಳಿ ಬೆನ್ನಿನ ಕಡೆಯಿಂದ ಬರಲಿ. ತುಂಬುತೋಳಿನ ಹತ್ತಿ ಅಂಗಿ, ಚರ್ಮದ ಕೈಗವಸು, ಕನ್ನಡಕ, ಮುಚ್ಚಿದ ಚಪ್ಪಲಿ ಇರಲಿ. ಮಕ್ಕಳು ದೂರ ಇರಲಿ. ಪಾಕ ಹಳದಿಗೆ ತಿರುಗಿದರೆ ಉಳಿಸೋ ಯೋಚನೆ ಬೇಡ, ಶಾಖ ನಿಲ್ಲಿಸಿ ದೂರ ಸರಿಯಿರಿ.

ಮತ್ತೆ ಒಂದು ಖಡಕ್ ಮಾತು. ಈ ಕೆಲಸಕ್ಕೆ ಬಳಸಿದ ಕೈ, ಪಾತ್ರೆ, ಮೈಕ್ರೋವೇವ್ ಯಾವುದೂ ಅಡುಗೆಮನೆಗೆ ವಾಪಸ್ ಹೋಗಬಾರದು. ಮೆದುಕಾರಕ ಎಣ್ಣೆ ತಿನ್ನೋ ಪದಾರ್ಥ ಅಲ್ಲ. ಮನೆಯ ಬೇರೆಯವರಿಗೂ ಗೊತ್ತಾಗೋ ಹಾಗೆ ಹಿಡಿಯ ತುದಿಗೆ ಕೆಂಪು ಬಣ್ಣ ಬಳಿದು ಬೇರೆ ಡಬ್ಬಿಯಲ್ಲಿಡಿ.

ಬಾಲ ಹೋದ ಹುಳು ಏನು ಮಾಡೋದು?

ಹೊಳೆಗೆ ಎಸೆಯಬೇಡಿ. ಅದು ಕೊಳೆಯಲ್ಲ, ನುಂಗಿದ ಮೀನಿನ ಹೊಟ್ಟೆಯಲ್ಲಿ ಕರಗೋದೂ ಇಲ್ಲ. ನಂಜನಗೂಡಿನಲ್ಲಿ ಜನ ಸ್ನಾನ ಮಾಡೋ ನೀರು ಅದು, ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿರೋ ನೀರೂ ಅದೇ. ಮುರಿದ ಹುಳುಗಳನ್ನು ಮನೆಗೆ ತಂದು ಮತ್ತೆ ಕರಗಿಸಬಹುದು, ದುಡ್ಡೂ ಉಳಿಯುತ್ತೆ. ಆದರೆ ನೆನಪಿಡಿ, ಅದು ಹೊಳೆಯಲ್ಲಿ ನೆಂದು ಬಂದ ಮಾಲು. ಅದರಲ್ಲೂ ಉಪ್ಪು ಬೆರೆತಿದ್ದರೆ ನೀರು ಹೀರಿಕೊಂಡಿರುತ್ತೆ. ಚಿಕ್ಕದಾಗಿ ಕತ್ತರಿಸಿ, ಕೆಲವು ದಿನ ಪೂರ್ತಿ ಒಣಗಿಸಿದ ಮೇಲೆಯೇ ಪಾತ್ರೆಗೆ ಹಾಕಿ. ಒಣಗಿದೆಯೋ ಇಲ್ಲವೋ ಅಂತ ಅನುಮಾನ ಬಂದರೆ ಇನ್ನೂ ಒಂದು ದಿನ ಬಿಡಿ. ಮೀನು ಎಲ್ಲೂ ಹೋಗಲ್ಲ.

ಇದಿಷ್ಟು ಇವತ್ತಿನ ಸಂಚಿಕೆ. ಗಾಳ ಹಾಕೋ ಗೆಳೆಯರಿದ್ದರೆ ಅವರಿಗೂ ಕೇಳಿಸಿ.