ಕೊಟ್ಟಿಗೆಗೂ ಪಡಸಾಲೆಗೂ ನಡುವಿನ ಪರದೆ



ತುರ್ವಿಹಾಳ ಸುತ್ತಮುತ್ತಲ ಹಳೆಯ ಮಾಳಿಗೆ ಮನೆಗಳ ಕಟ್ಟೋಣ ನಿಮಗೆ ಗೊತ್ತಿರುವುದೇ. ತಲೆಬಾಗಿಲು ದಾಟಿದರೆ ಮೊದಲು ದನ ಕಟ್ಟುವ ಜಾಗ, ಪಕ್ಕದಲ್ಲಿ ಗ್ವಾದಲಿ. ಎರಡು ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಅಡುಗೆ ಮನೆ. ಕಳ್ಳಕಾಕರ ಭಯವಿದ್ದ ಕಾಲದಲ್ಲಿ ಎತ್ತು, ಆಕಳನ್ನು ಕಣ್ಣೆದುರಿಗೇ ಕಟ್ಟಿಕೊಳ್ಳುವುದು ಜಾಣತನವೇ ಆಗಿತ್ತು. ಈಗ ಸಿಮೆಂಟಿನ ಮನೆ ಕಟ್ಟಿಸಿದವರು ಕೊಟ್ಟಿಗೆಯನ್ನು ಹಿತ್ತಲಿಗೆ ಸರಿಸಿದ್ದಾರೆ. ಆದರೂ ಎಷ್ಟೋ ಮನೆಗಳಲ್ಲಿ ರಾಸುಗಳಿಗೂ ಮನೆಮಂದಿಗೂ ನಡುವೆ ಇರುವುದು ಒಂದೇ ಒಂದು ಪರದೆ. ಹಳೆಯ ಸೀರೆಯದ್ದೋ, ಹರಿದ ಕೌದಿಯದ್ದೋ, ಸಿಂಧನೂರು ಪೇಟೆಯಿಂದ ತಂದ ಹೂವಿನ ಪಾಲಿಯೆಸ್ಟರ್ ಬಟ್ಟೆಯದ್ದೋ ಆಗಿರುತ್ತದೆ.

ಪರದೆ ಒಗೆಯುವುದನ್ನು ಪಶುವೈದ್ಯರು ಹೇಳಿಕೊಡಬೇಕೇ ಎಂದು ನೀವು ನಗಬಹುದು. ನಗುವ ಮುನ್ನ ಒಂದು ದಿನ ಆ ಪರದೆಯ ಮುಂದೆ ಕುಳಿತು ನೋಡಿ. ಹಾಲು ಹಿಂಡಿ ಬಂದವರು ಕೈ ಒರೆಸುವುದು ಅದಕ್ಕೆ. ಹಿಂಡಿ ಕಲಸಿದ ಕೈ, ಸಗಣಿ ಬಾಚಿದ ಕೈ, ಕರುವಿನ ಮೂಗು ಒರೆಸಿದ ಕೈ ಎಲ್ಲವೂ ಅದೇ ಜಾಗಕ್ಕೆ, ಎದೆಮಟ್ಟದಲ್ಲಿ ಕಪ್ಪಗೆ ಜಿಡ್ಡುಗಟ್ಟಿದ ಆ ಒಂದು ಮೊಳ ಬಟ್ಟೆಗೆ. ಕೆಳಗಿನ ಅಂಚಿಗೆ ಕರು ಮೈ ತಿಕ್ಕುತ್ತದೆ. ಮಕ್ಕಳು ಆಟವಾಡುತ್ತಾ ಅದರಲ್ಲೇ ಮುಖ ಹುದುಗಿಸಿಕೊಳ್ಳುತ್ತಾರೆ. ಮನೆಯ ಟವೆಲ್ಲು ವಾರಕ್ಕೆ ಎರಡು ಸಲ ನೀರು ಕಂಡರೆ, ಈ ಪರದೆ ಕಾಣುವುದು ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ.

ಕಳೆದ ಚಳಿಗಾಲದಲ್ಲಿ ಒಂದು ಮನೆಗೆ ಕರು ನೋಡಲು ಹೋಗಿದ್ದೆ. ಆರು ತಿಂಗಳ ಕರು, ಕಣ್ಣಿನ ಸುತ್ತ, ಕುತ್ತಿಗೆಯ ಮೇಲೆ ಬೂದಿ ಮೆತ್ತಿದಂಥ ದುಂಡನೆಯ ಪಟ್ಟೆಗಳು. ನೋಡಿದ ಕೂಡಲೇ ತಿಳಿಯುವಂಥದ್ದು, ಹುಳುಕಡ್ಡಿ. ನಮ್ಮ ಕಡೆ ಗಜಕರ್ಣ ಎನ್ನುತ್ತಾರೆ. ಮುಲಾಮು ಬರೆಯುತ್ತಿದ್ದಾಗ ಪರದೆ ಸರಿಸಿ ನಾಲ್ಕೈದು ವರ್ಷದ ಹುಡುಗಿ ಬಂದು ನಿಂತಳು. ಅವಳ ಕೆನ್ನೆಯ ಮೇಲೂ ಕೆಂಪು ಅಂಚಿನ ಅಂಥದ್ದೇ ಉಂಗುರ. "ಇದಕ್ಕ ಎರಡು ತಿಂಗಳಿಂದ ಮುಲಾಮು ಹಚ್ಚಾಕತ್ತೀವಿ ಸಾಹೇಬ್ರ, ಹೋದಂಗ ಆಗತೈತಿ, ಮತ್ತ ಬರತೈತಿ" ಎಂದರು ಅವಳ ಅಜ್ಜಿ. ಕರುವನ್ನು ಕಟ್ಟಿದ್ದ ಗೂಟದಿಂದ ಪರದೆಗೆ ಒಂದು ಮಾರು ದೂರವೂ ಇರಲಿಲ್ಲ. ಬಟ್ಟೆಯ ಕೆಳಗಿನ ಅರ್ಧದಲ್ಲಿ ಕರುವಿನ ಕೂದಲು ಅಂಟಿಕೊಂಡಿತ್ತು.

ಹುಳುಕಡ್ಡಿ ಹುಳುವಿನಿಂದ ಬರುವುದಲ್ಲ, ಅದೊಂದು ಶಿಲೀಂಧ್ರ, ಅಂದರೆ ಬೂಸ್ಟಿನ ಜಾತಿಯದು. ಕರುಗಳಿಂದ ಮನುಷ್ಯರಿಗೆ ಸಲೀಸಾಗಿ ಅಂಟುತ್ತದೆ. ಅದರ ಬೀಜಕಣಗಳು ಉದುರಿದ ಕೂದಲು, ಹೊಟ್ಟಿನ ಜೊತೆ ಬಟ್ಟೆಯಲ್ಲಿ, ಗೂಟದಲ್ಲಿ, ಗೋಡೆಯಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದು ಕೂರುತ್ತವೆ. ಕರುವಿಗೆ ಔಷಧಿ ಹಚ್ಚಿ, ಮಗುವಿಗೆ ಮುಲಾಮು ಹಚ್ಚಿ, ನಡುವಿನ ಪರದೆಯನ್ನು ಹಾಗೇ ಬಿಟ್ಟರೆ ರೋಗ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಲೇ ಇರುತ್ತದೆ. ಆ ಮನೆಯವರಿಗೆ ಪರದೆಯನ್ನು ಕುದಿಸಿ ಒಗೆಯಲು, ಕರುವನ್ನು ಬಿಸಿಲು ಬೀಳುವ ಕಡೆ ಕಟ್ಟಲು, ಮಗುವನ್ನು ಚರ್ಮದ ವೈದ್ಯರಿಗೆ ತೋರಿಸಲು ಹೇಳಿ ಬಂದೆ.

ಗಜಕರ್ಣ ಕಣ್ಣಿಗೆ ಕಾಣುತ್ತದೆ, ಕಾಣದವು ಇನ್ನೂ ಇವೆ. ಕೆಚ್ಚಲು ಬಾವು ಇರುವ ಆಕಳನ್ನು ಹಿಂಡಿದ ಕೈಯನ್ನು ಪರದೆಗೆ ಒರೆಸಿ, ಮರುದಿನ ಅದೇ ಪರದೆಗೆ ಒರೆಸಿದ ಕೈಯಿಂದ ಒಳ್ಳೆಯ ಆಕಳನ್ನು ಹಿಂಡಿದರೆ ರೋಗಾಣುವಿಗೆ ದಾರಿ ನಾವೇ ಮಾಡಿಕೊಟ್ಟಂತೆ. ಎಲ್ಲಕ್ಕಿಂತ ನನಗೆ ಹೆದರಿಕೆಯಾಗುವುದು ಬ್ರುಸೆಲ್ಲೋಸಿಸ್ ವಿಷಯದಲ್ಲಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಆಕಳು, ಎಮ್ಮೆ ಕಂದು ಹಾಕಿದಾಗ ಬೀಳುವ ಕಸ, ನೀರು, ಸತ್ತ ಕರು ಇವುಗಳಲ್ಲಿ ಈ ರೋಗಾಣು ತುಂಬಿರುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿ ಹಾಕಿ, ಒಳಗೆ ಬರುವಾಗ ಪರದೆಗೆ ಕೈ ಒರೆಸುವುದನ್ನು ನಾನು ಕಂಡಿದ್ದೇನೆ. ಮನುಷ್ಯರಿಗೆ ಅಂಟಿದರೆ ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲುನೋವು ತಿಂಗಳುಗಟ್ಟಲೆ ಕಾಡುತ್ತವೆ. ಮನೆಯಲ್ಲಿ ಯಾರಿಗಾದರೂ ಇಂಥ ಜ್ವರವಿದ್ದು, ಕೊಟ್ಟಿಗೆಯಲ್ಲಿ ರಾಸು ಕಂದು ಹಾಕಿದ್ದರೆ ಆ ಮಾತನ್ನು ವೈದ್ಯರಿಗೆ ತಪ್ಪದೆ ಹೇಳಿ. ಅವರು ಕೇಳದಿದ್ದರೂ ಹೇಳಿ.

ಇನ್ನು ಒಗೆಯುವ ವಿಚಾರ. ಇದರಲ್ಲಿ ನನಗಿಂತ ಮನೆಯ ಹೆಣ್ಣುಮಕ್ಕಳಿಗೆ ಹೆಚ್ಚು ಗೊತ್ತು. ಕೊಟ್ಟಿಗೆಯ ಪರದೆಗೆ ಬೇಕಾದ ವ್ಯತ್ಯಾಸ ಮಾತ್ರ ಹೇಳುತ್ತೇನೆ. ಇಳಿಸಿದ ಪರದೆಯನ್ನು ಪಡಸಾಲೆಯಲ್ಲಿ ಕೊಡವಬೇಡಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು, ಗಾಳಿ ಬೀಸುವ ದಿಕ್ಕು ನೋಡಿ, ಕರುಗಳಿಂದ ದೂರ ಹೋಗಿ ಕೊಡವಿ. ಕಂದು ಹಾಕಿದ ಮನೆಯ ಪರದೆಯಾದರೆ ಕೊಡವಲೇಬೇಡಿ, ಕೈಚೀಲ ಹಾಕಿಕೊಂಡು ಹಾಗೇ ನೀರಿಗೆ ಹಾಕಿ. ಕಬ್ಬಿಣದ ರಿಂಗು, ಕೊಂಡಿಗಳನ್ನು ಬಿಚ್ಚಿಡಿ, ಇಲ್ಲದಿದ್ದರೆ ತುಕ್ಕಿನ ಕಲೆ ಕೂರುತ್ತದೆ. ಮೊದಲು ತಣ್ಣೀರಿನಲ್ಲೇ ಒಂದೆರಡು ತಾಸು ನೆನೆಸಬೇಕು. ಹಾಲು, ರಕ್ತ, ಜೊಲ್ಲಿನ ಕಲೆಗಳಿಗೆ ನೇರವಾಗಿ ಬಿಸಿನೀರು ಹಾಕಿದರೆ ಅವುಗಳಲ್ಲಿನ ಪ್ರೋಟೀನು ಹೆಪ್ಪುಗಟ್ಟಿ ನೂಲಿಗೇ ಹಿಡಿದುಬಿಡುತ್ತದೆ, ಮೊಟ್ಟೆ ಬೆಂದು ಗಟ್ಟಿಯಾದಂತೆ. ಆ ನೀರು ಚೆಲ್ಲಿದ ಮೇಲೆ ಹತ್ತಿಯ ಬಟ್ಟೆಯಾದರೆ ಹಂಡೆಯಲ್ಲಿ ಒಗೆಯುವ ಸೋಡಾ ಹಾಕಿ ಚೆನ್ನಾಗಿ ಕುದಿಸಿ. ಹಿಂದೆ ಮಡಿವಾಳರು ಸವುಳು ಮಣ್ಣು ಹಚ್ಚಿ ಉಬ್ಬೆಗೆ ಹಾಕುತ್ತಿದ್ದುದು ಇದೇ ಕೆಲಸ. ಕ್ಷಾರ ಜಿಡ್ಡನ್ನು ಬಿಡಿಸುತ್ತದೆ, ಹಬೆ ರೋಗಾಣುವನ್ನು ಕೊಲ್ಲುತ್ತದೆ. (ನೀರಾವರಿ ಬಂದು ನಮ್ಮ ಎಷ್ಟೋ ಹೊಲಗಳು ಸವಳು-ಜವಳಾದವು. ಆ ಮಣ್ಣನ್ನು ಈಗ ಬಟ್ಟೆಗೂ ಯಾರೂ ಕೇಳುವುದಿಲ್ಲ.)

ಪಾಲಿಯೆಸ್ಟರ್ ಪರದೆಯನ್ನು ಕುದಿಸಲಾಗದು, ಸುಕ್ಕುಗಟ್ಟಿ ಹಾಳಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಸೋಪಿನ ಪುಡಿ ಹಾಕಿ ಎರಡು ಸಲ ಒಗೆದು, ಎರಡು ಸಲ ಜಾಲಿಸಿ ಕಡು ಬಿಸಿಲಿಗೆ ಹಾಕಿ. ಕೊಟ್ಟಿಗೆ ಬಾಗಿಲಿಗೆ ನನ್ನ ಮತ ಹಳೆಯ ಹತ್ತಿ ಸೀರೆಗೇ. ನೋಡಲು ಚೆಂದವಿಲ್ಲದಿರಬಹುದು, ಕುದಿಸಲು ಬರುತ್ತದೆ. ಕೌದಿಯನ್ನು ಮಾತ್ರ ಅಲ್ಲಿ ತೂಗುಹಾಕಬೇಡಿ. ನಾಲ್ಕೈದು ಪದರದ ಹೊಲಿಗೆಯೊಳಗೆ ಸೇರಿದ ತೇವ ಒಂದು ದಿನದ ಬಿಸಿಲಿಗೆ ಹೋಗುವುದಿಲ್ಲ. ಬೋರಿನ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲವೆಂದು ಮತ್ತಷ್ಟು ಸೋಪು ಸುರಿಯುವುದು ದಂಡ. ಮೊದಲು ನೀರಿಗೆ ಸ್ವಲ್ಪ ಸೋಡಾ ಕದಡಿ, ಆಮೇಲೆ ಸೋಪು ಹಾಕಿ. ಬ್ಲೀಚಿಂಗ್ ಪುಡಿ ಬಳಸುವವರು ಅದಕ್ಕೆ ಪಾಯಖಾನೆ ತೊಳೆಯುವ ಆಸಿಡ್ ಎಂದಿಗೂ ಸೇರಿಸಬೇಡಿ. ಏಳುವ ಕ್ಲೋರಿನ್ ಅನಿಲ ಎದೆ ಹಿಡಿಸುತ್ತದೆ.

ಕಾಲುವೆಗೆ ಒಯ್ಯಬೇಡಿ ಎಂದರೆ ಕೆಲವರಿಗೆ ಸಿಟ್ಟು ಬರಬಹುದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ಕೆರೆಗೆ ತುಂಬಿಸಿಕೊಂಡು ಕುಡಿಯುವ ಊರುಗಳು ನಮ್ಮಲ್ಲಿ ಎಷ್ಟಿವೆ ಎಂದು ಯೋಚಿಸಿ. ಕಂದು ಹಾಕಿದ ಕೊಟ್ಟಿಗೆಯ ಬಟ್ಟೆಯನ್ನು ಅಲ್ಲಿ ಜಾಲಿಸುವುದು ಕೆಳಗಿನ ಊರಿನವರಿಗೆ ಮಾಡುವ ಅನ್ಯಾಯ.

ಒಗೆದ ಪರದೆಯನ್ನು ಮತ್ತೆ ಹಾಕುವಾಗ ನೆಲದಿಂದ ಒಂದು ಗೇಣು ಮೇಲಿರುವಂತೆ ಕತ್ತರಿಸಿ. ನೆಲ ಗುಡಿಸುವ ಪರದೆ ಗಂಜಲ ಹೀರುತ್ತದೆ. ಕೆಳಗಿನ ದಪ್ಪ ಮಡಿಕೆಯನ್ನೂ ಬಿಚ್ಚಿಬಿಡಿ. ರಕ್ತ ಕುಡಿದು ಉಬ್ಬಿದ ಉಣ್ಣೆ ರಾಸಿನ ಮೈಯಿಂದ ಉದುರಿ ಬಿರುಕು, ಮಡಿಕೆ ಹುಡುಕಿಕೊಂಡು ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಮಿಶ್ರತಳಿ ಆಕಳುಗಳಿಗೆ ಪ್ರಾಣಕ್ಕೇ ಬರುವ ಥೈಲೇರಿಯಾ ಜ್ವರವನ್ನು ಹರಡುವುದು ಉಣ್ಣೆಯೇ. ಗೋಡೆಯ ಬಿರುಕಿಗೆ ಸುಣ್ಣ ಹಚ್ಚಿಸುವವರು ಪರದೆಯ ಮಡಿಕೆಯನ್ನು ಮರೆಯುತ್ತಾರೆ. ಕೈ ಒರೆಸಲು ಪಕ್ಕದ ಮೊಳೆಗೆ ಬೇರೆ ವಸ್ತ್ರ ತೂಗುಹಾಕಿ, ದಿನಾ ಬದಲಿಸಿ. ಕೆಚ್ಚಲು ಒರೆಸುವ ಬಟ್ಟೆ ಒಂದೊಂದು ರಾಸಿಗೆ ಒಂದೊಂದು. ಪರದೆಗೆ ಹದಿನೈದು ದಿನಕ್ಕೊಮ್ಮೆ ನೀರು ಸಾಕು. ಹಳೆಯ ಪರದೆಯನ್ನು ಹರಿದು ಹಾಲು ಸೋಸಲು ಬಳಸುವವರೂ ಇದ್ದಾರೆ. ಅದರ ನೂಲು, ಬಣ್ಣ, ವಾಸನೆ ಹಾಲಿಗೇ ಇಳಿಯುತ್ತವೆ. ಹಾಲು ಸುತ್ತಲಿನ ವಾಸನೆಯನ್ನು ಬೇಗ ಹಿಡಿಯುತ್ತದೆ, ಕ್ಯಾನನ್ನು ಮುಗ್ಗಲು ಪರದೆಯ ಬುಡದಲ್ಲಿ ಇಡುವುದೂ ಬೇಡ.

ಬೇಸಿಗೆಯ ಗೋಣಿ ಪರದೆಗೆ ಲೆಕ್ಕವೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೈಬ್ರಿಡ್ ಆಕಳಿಗೆ 25-26 ಡಿಗ್ರಿ ಮೇಲಾದರೆ ಸೆಕೆ ತಟ್ಟತೊಡಗುತ್ತದೆ, ಮೇವು ಬಿಡುತ್ತದೆ, ಹಾಲು ಇಳಿಯುತ್ತದೆ. ಪಡುವಣ ಕಡೆಗೆ ಗೋಣಿ ಕಟ್ಟಿ ನೀರು ಚಿಮುಕಿಸುವುದು ಒಳ್ಳೆಯ ಉಪಾಯ, ಒಣ ಗಾಳಿಯಿದ್ದಾಗ ಮಾತ್ರ. ಜೂನ್ ಮಳೆ ಬಿದ್ದು ಗಾಳಿಯಲ್ಲಿ ತೇವ ಏರಿದ ಮೇಲೂ ಹಸಿ ಗೋಣಿ ಇಳಿಬಿಟ್ಟರೆ ಕೊಟ್ಟಿಗೆ ಉಬ್ಬೆಯ ಹಂಡೆಯಂತಾಗುತ್ತದೆ. ಮೇಲ್ಗಡೆ ಎರಡು ಅಡಿ ತೆರೆದಿರಲಿ, ಗಂಜಲದ ಘಾಟು ಹೊರಹೋಗಬೇಕು. ಅಕ್ಕಿ ಗಿರಣಿಯ ಸೆಣಬಿನ ಚೀಲವಾದರೆ ಒಮ್ಮೆ ಒಗೆದು ಕಟ್ಟಿ. ಎರಡು ಜೊತೆ ಇಟ್ಟುಕೊಂಡು ಒಂದನ್ನು ಬಿಸಿಲಿಗೆ ಹಾಕುತ್ತಿದ್ದರೆ ಬೂಸ್ಟು ಹಿಡಿಯುವುದಿಲ್ಲ. ಯೂರಿಯಾ ಚೀಲ, ಔಷಧಿ ಉಪಚರಿಸಿದ ಬೀಜದ ಚೀಲ ಹೊಲಿದು ಕಟ್ಟಲೇಬೇಡಿ. ಆಕಳು ಉಪ್ಪಿನ ಆಸೆಗೆ ನೆಕ್ಕುತ್ತದೆ, ಎಳೆ ಎಳೆಯಾಗಿ ಬಿಚ್ಚಿದ ಪ್ಲಾಸ್ಟಿಕ್ಕನ್ನು ಅಗಿಯುತ್ತದೆ.

ಭತ್ತದ ಗದ್ದೆಗಳ ನಡುವೆ ಇರುವ ನಮಗೆ ಸೊಳ್ಳೆ ಪರದೆಯೂ ಬೇಕೇ ಬೇಕು. 2022ರಲ್ಲಿ ಗಂಟು ರೋಗ ಬಂದಾಗ ಕಚ್ಚುವ ನೊಣ, ಸೊಳ್ಳೆಗಳು ಏನು ಮಾಡಬಲ್ಲವೆಂದು ಕಂಡಿದ್ದೇವೆ. ಔಷಧಿ ಲೇಪಿಸಿದ ಸೊಳ್ಳೆ ಪರದೆಗೆ ಮೇಲಿನ ಯಾವ ಮಾತೂ ಅನ್ವಯಿಸುವುದಿಲ್ಲ. ಅದನ್ನು ಕುದಿಸಬಾರದು, ಸೋಡಾ, ಬ್ಲೀಚಿಂಗ್ ಪುಡಿ ತಾಗಿಸಬಾರದು. ತಣ್ಣೀರು, ಮೃದು ಸೋಪಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ಒಣಗಿಸಬೇಕು. ಸುಮಾರು 20 ಒಗೆತದವರೆಗೆ ಔಷಧಿ ಉಳಿಯುತ್ತದೆ, ಅದಕ್ಕೇ ಪದೇ ಪದೇ ಒಗೆಯುವುದು ಬೇಡ. ಆ ನೀರನ್ನು ಕೆರೆ, ಕಾಲುವೆಗೆ ಚೆಲ್ಲಿದರೆ ಮೀನು ಸಾಯುತ್ತವೆ. ಕರುವಿನ ಬಾಯಿಗೆ ಸಿಗದಷ್ಟು ದೂರದಲ್ಲಿ ಕಟ್ಟಿ.

ಬ್ರುಸೆಲ್ಲೋಸಿಸ್ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವಮಾನದಲ್ಲಿ ಒಂದೇ ಸಲ, ಸರ್ಕಾರದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಹಾಕಲಾಗುತ್ತದೆ. ನಿಮ್ಮ ಕರು ಎಂಟು ತಿಂಗಳು ದಾಟುವ ಮುನ್ನ ಹತ್ತಿರದ ಪಶು ಚಿಕಿತ್ಸಾಲಯದಲ್ಲಾಗಲಿ, ಸಂಘದ ಕಾರ್ಯದರ್ಶಿಯವರ ಬಳಿಯಾಗಲಿ ಹೆಸರು ಬರೆಸಿ. ರಾಸು ಕಂದು ಹಾಕಿದ್ದರೆ ಕಸವನ್ನು ಕೈಚೀಲ ಹಾಕಿಕೊಂಡು ಸುಣ್ಣದೊಂದಿಗೆ ಆಳವಾದ ಗುಂಡಿಯಲ್ಲಿ ಹೂಳಿ, ಅದೇ ದಿನ ನಮಗೆ ಸುದ್ದಿ ಮುಟ್ಟಿಸಿ. ಪರದೆಯನ್ನೂ ಅದೇ ದಿನ ಇಳಿಸಿ.